ಎಡಗಡೆಯಿಂದ ಎತ್ತಿದ ಕೈ

ನಮ್ಮ ಮನೆಯವರ ಹೆಸರು ಬಾಯಲ್ಲಿ ಹೇಳಬಾರದು ಅಂತ ನಮ್ಮತ್ತೆ ಸಾಯೋ ತನಕ ಹೇಳ್ತಿದ್ದರು. ನಾನು ಹೇಳ್ತೀನಿ. ಕುಪ್ಪಸ್ವಾಮಿ. ಸೇಲಂನಲ್ಲಿ ನಮ್ಮ ಬೀದಿಗೆ ಬಂದು ಯಾರನ್ನ ಬೇಕಾದ್ರೂ ಕೇಳಿ, ‘ತಂಗಮಾನ ಮನುಷನ್’ ಅಂತಾರೆ, ಚಿನ್ನದಂಥ ಮನುಷ್ಯ ಅಂತ. ಕುಡಿಯಲ್ಲ, ಬೀಡಿ ಸೇದಲ್ಲ, ಹೆಂಡ್ತಿ ಮೇಲೆ ಕೈ ಮಾಡಲ್ಲ. ಈ ಕೊನೇದನ್ನ ಜನ ಎಷ್ಟು ಹೊಗಳ್ತಾರೆ ಅಂದ್ರೆ, ಕೈ ಮಾಡದೆ ಇರೋದು ಏನೋ ದೊಡ್ಡ ಪರೀಕ್ಷೆ ಬರೆದು ಪಾಸಾದಂಗೆ.

ಮುಂಚೆ ಮಾಡ್ತಿದ್ದರು. ಲಾರಿ ಓಡಿಸ್ತಿದ್ದ ಕಾಲ ಅದು. ತೊಪ್ಪೂರು ಘಾಟ್ ಇಳಿದು ಮನೆಗೆ ಬಂದ್ರೆ ಅವರ ಬಲಗೈ ಮೇಲಕ್ಕೆ ಏಳೋದು, ನನ್ನ ಕಣ್ಣು ಮುಚ್ಚೋದು, ಆಮೇಲೆ ಏಟು ಬೀಳೋದು. ಮೊದಮೊದಲು ಏಟು ಬಿದ್ದ ಮೇಲೆ ಕಣ್ಣು ಮುಚ್ತಿದ್ದೆ. ಬರ್ತಾ ಬರ್ತಾ ಕೈ ಎದ್ದ ತಕ್ಷಣ ಮುಚ್ಚೋದು ಬಂತು, ಮುಖಕ್ಕೆ ತೋಳು ಅಡ್ಡ ಓಗೋದೂ ಬಂತು. ಯಾರೂ ಹೇಳಿಕೊಡಲಿಲ್ಲ, ಮೈಯೇ ಕಲ್ತ್ಕೊಂಡ್ತು. ಆಮೇಲೆ ಒಂದಿನ ಅವರು ಮಾಲೆ ಹಾಕ್ಕೊಂಡು, ಕಾವಡಿ ಹೊತ್ತು ಮುರುಗನ ಬೆಟ್ಟಕ್ಕೆ ನಡ್ಕೊಂಡು ಓಗಿ ಬಂದ್ರು. ಬಂದೋರು ಬಾಟಲಿನೂ ಮುಟ್ಟಲಿಲ್ಲ, ನನ್ನನ್ನೂ ಹೊಡೀಲಿಲ್ಲ. ಏಟು ನಿಂತೋಯ್ತು. ಕಣ್ಣು ಮುಚ್ಚೋದು ಮಾತ್ರ ನಿಲ್ಲಲಿಲ್ಲ.

ಟವಲ್ ಕೊಡವೋಕೆ ಕೈ ಎತ್ತಿದ್ರೆ ನಾನು ಮುದುರ್ಕೊಳ್ತಿದ್ದೆ. ಮೇಲಿನ ಅಟ್ಟದಿಂದ ಸಕ್ಕರೆ ಡಬ್ಬ ತೆಗೆಯೋಕೆ ಎತ್ತಿದ್ರೆ ಮುದುರ್ಕೊಳ್ತಿದ್ದೆ. ಅದೂ ಯಾರ ಮುಂದೆ? ನೆಂಟರ ಮುಂದೆ, ಬಸ್ ಕಂಡಕ್ಟರ್ ಮುಂದೆ, ಹಾಲಿನೋಳ ಮುಂದೆ. ಅವರು ಅಂಥಾ ಒಳ್ಳೇವ್ರಾಗಿ ನಿಂತಿರೋರು, ನಾನು ಪಕ್ಕದಲ್ಲಿ ಒದೆ ತಿನ್ನೋ ನಾಯಿ ಹಂಗೆ. ಅಯ್ಯೋ, ನನಗೆ ಎಷ್ಟು ನಾಚಿಕೆ ಆಗ್ತಿತ್ತು ಅಂದ್ರೆ, ಗಂಡನ ಮೇಲೆ ನನ್ನ ಕೈಯೇ ಬೀದಿಯಲ್ಲಿ ನಿಂತು ಚಾಡಿ ಹೇಳ್ದಂಗೆ. ಹೊಡೆದೋರಿಗೆ ನಾಚಿಕೆ ಓಗಿ ಎಷ್ಟೋ ಕಾಲ ಆಗಿತ್ತು, ಹೊಡಿಸಿಕೊಂಡ ನನಗೆ ಉಳ್ಕೊಂಡಿತ್ತು ನೋಡಿ.

ನಮಗೆ ಒಬ್ಳೇ ಮಗಳು, ಪೂಂಗೊಡಿ. ಧರ್ಮಪುರಿ ಕಲೆಕ್ಟರ್ ಆಫೀಸಲ್ಲಿ ಕೆಲಸ. ತಾನೇ ನೋಡಿ ಮದುವೆ ಆದ್ಳು, ಅಪ್ಪನ ಮನೆಗೆ ಬರೋದು ಬಿಟ್ಟಳು. ಫೋನಲ್ಲಿ ನನ್ನ ಹತ್ರ ಮಾತ್ರ ಮಾತು. ಕಳೆದ ವರ್ಷ ಆಡಿ ತಿಂಗಳಲ್ಲಿ, ಅಂದ್ರೆ ಆಷಾಢದಲ್ಲಿ, ಅವಳಿಗೆ ಹೆಣ್ಣು ಮಗು ಆಯ್ತು. ಕೇಳಿದ್ದೇ ತಡ, ಇವರು ನಮ್ಮ ಪಟ್ಟರೆಯಲ್ಲಿ ಒಂದು ಜೊತೆ ಪುಟಾಣಿ ಕೊಲುಸು ಮಾಡಿಸಿದ್ರು. ಲಾರಿ ಬಿಟ್ಟ ಮೇಲೆ ನಮ್ಮದು ಬೆಳ್ಳಿ ಕೊಲುಸಿನ ಪಟ್ಟರೆ, ಮನೆ ಮುಂದಿನ ಪಡಸಾಲೆಯಲ್ಲೇ ಕೆಲಸದ ಜಾಗ. ಕಾಲುಚೈನಿನ ಕೊಂಡಿ ಕೊಂಡಿ ಸೇರಿಸಿ ಬೆಂಕಿ ಊದಿ ಬೆಸೆಯೋದು ನನ್ನ ಕೆಲಸ. ಎಡಗೈಯಲ್ಲಿ ಚಿಮಟ, ಬಲಗೈಯಲ್ಲಿ ಬೆಂಕಿ. ಮೊಮ್ಮಗಳ ಕೊಲುಸಿನ ಒಂದೊಂದು ಕೊಂಡಿನೂ ನಾನೇ ಬೆಸೆದೆ.

ಧರ್ಮಪುರಿ ಆಸ್ಪತ್ರೆಗೆ ಓದ್ವಿ. ಪೂಂಗೊಡಿ ಅಪ್ಪನ್ನ ನೋಡಿ ಮುಖ ತಿರುಗಿಸಲಿಲ್ಲ, ಅದೇ ನಮಗೆ ದೊಡ್ಡದಾಯ್ತು. ಇವರು ಜೇಬಿಂದ ಕೊಲುಸು ತೆಗೆದು, ತೊಟ್ಟಿಲ ಮೇಲೆ ಕೈ ಎತ್ತಿ, ಮಗುಗೆ ಕೇಳಿಸಲಿ ಅಂತ ಗಿಲಿ ಗಿಲಿ ಅನ್ನಿಸಿದ್ರು. ನಾನು ಪಕ್ಕದಲ್ಲೇ ಇದ್ದೆ. ನನ್ನ ಎರಡೂ ತೋಳು ಮುಖಕ್ಕೆ ಬಂದ್ಬಿಟ್ಟವು. ಬಾಯಿಂದ ಸದ್ದು ಬೇರೆ ಬಂತು. ವಾರ್ಡಿನಲ್ಲಿ ಇದ್ದ ಹೆಂಗಸರೆಲ್ಲ ತಿರುಗಿ ನೋಡಿದ್ರು.

ಪೂಂಗೊಡಿ ಮಗುನ ತೊಟ್ಟಿಲಿಂದ ಎತ್ತಿಕೊಂಡ್ಳು. ‘ಅಪ್ಪಾ, ಮನೆಗೋಗು. ನೀನು ಕೈ ಎತ್ತಿದ್ರೆ ಅಮ್ಮನ ಕಣ್ಣು ಮುಚ್ಚದ ದಿನ ಬಾ. ಅವತ್ತು ನಾನೇ ಮಗುನ ನಿನ್ ಕೈಗೆ ಕೊಡ್ತೀನಿ’ ಅಂದ್ಳು. ಜೋರಾಗಿ ಏನೂ ಅನ್ನಲಿಲ್ಲ.

ವಾಪಸ್ ಸೇಲಂಗೆ ಬಂದು ಬಸ್ ಇಳಿದ ಮೇಲೆ ಇವರು ‘ನನ್ ಮಾನ ತೆಗೆದ್ಯಲ್ಲೇ ಮಣಿ’ ಅಂದ್ರು. ರಮಾಮಣಿ ನನ್ನ ಹೆಸರು. ನಾನು ಅತ್ತುಬಿಟ್ಟೆ. ಕ್ಷಮಿಸಿ ಅಂದೆ. ಹೌದು, ನಾನೇ ಅಂದೆ, ಥೂ.

ಆಮೇಲೆ ಬಿಡಿಸೋಕೆ ನೋಡಿದ್ವಿ. ಬೆಳಿಗ್ಗೆ ಟೀ ಕುಡಿದ ಮೇಲೆ ನಾನು ಮಣೆ ಮೇಲೆ ಕೂತ್ಕೊಳ್ಳೋದು, ಇವರು ಮೆತ್ತಗೆ ಕೈ ಎತ್ತೋದು. ‘ನೋಡು, ಹೊಡೆಯಲ್ಲ, ನೋಡು’ ಅನ್ನೋದು. ಸರ್ಕಸ್ಸಿನ ಕೋತಿಗೆ ಕಲಿಸ್ದಂಗೆ. ಕೆಲವು ದಿನ ಸ್ವಲ್ಪ ಕಮ್ಮಿ ಆಯ್ತು. ಗೊತ್ತಿದ್ದು ಎತ್ತಿದ್ರೆ ಸುಮ್ನೆ ಕೂತಿರ್ತಿದ್ದೆ. ಗೊತ್ತಿಲ್ಲದೆ ಎತ್ತಿದ್ರೆ ಮತ್ತೆ ಅದೇ. ‘ನಿನ್ ಮನಸಲ್ಲಿ ನನ್ನ ಮೇಲೆ ಹಗೆ ಐತೆ, ಅದ್ಕೇ’ ಅಂತ ಇವರು ಮಣೆ ಒದ್ದು ಓದ್ರು. ನಾನೂ ಹಂಗೇ ಅಂದ್ಕೊಂಡೆ. ನನ್ನ ಮನಸು ಕೊಳಕು ಅಂತ ಅಂದ್ಕೊಂಡೆ.

ಮಾರ್ಗಳಿ ಚಳಿಯಲ್ಲಿ, ಅಂದ್ರೆ ಧನುರ್ಮಾಸದಲ್ಲಿ, ನನಗೆ ಕಾಯಿಲೆ ಬಂತು. ಪಟ್ಟರೆಯಲ್ಲಿ ಕೂತು ಕೊಂಡಿ ಬೆಸೀತಿದ್ದೆ. ಇದ್ದಕ್ಕಿದ್ದಂಗೆ ಗೋಡೆ ಗಿರ್ರ್ ಅಂತ ತಿರುಗ್ತು. ಎಡಗೈಯ ಚಿಮಟ ಬೆಂಕಿ ದಾಟಿ ಓಗಿ ಬಲಗೈಯ ಬೆರಳು ಚುಚ್ತು. ವಾಂತಿ ಬಂತು. ಎದ್ದು ಬಚ್ಚಲಿಗೆ ಓಗೋಣ ಅಂದ್ರೆ ಕಾಲು ಎಡಕ್ಕೇ ಎಳೀತು, ಬೀದಿಗೆ ಓಗಿ ನಲ್ಲಿ ಹತ್ರ ಬಿದ್ದೆ. ನೀರಿಗೆ ನಿಂತಿದ್ದ ಹೆಂಗಸರು ಮೂಗು ಮುಚ್ಕೊಂಡು ನಕ್ಕರು. ‘ಗಂಡ ಬಿಟ್ಟಿದ್ದನ್ನ ಹೆಂಡ್ತಿ ಹಿಡ್ಕೊಂಡ್ಳು ಡೀ’ ಅಂತ ಒಬ್ಳು ತಮಿಳಲ್ಲಿ ಅಂದಿದ್ದು ನನ್ನ ಕಿವಿಗೆ ಚೆನ್ನಾಗೇ ಬಿತ್ತು. ಮಾತು ತೊದಲ್ತಿತ್ತು, ನಾನು ಕುಡಿದಿಲ್ಲ ಅಂತ ಹೇಳೋಕೂ ಆಗಲಿಲ್ಲ. ಸೀರೆ ಸರಿ ಮಾಡ್ಕೊಳ್ಳೋಣ ಅಂದ್ರೆ ಎಡಗೈ ಸೆರಗು ಸಿಗದೆ ಗಾಳಿಯಲ್ಲಿ ಹುಡುಕ್ತಿತ್ತು.

ಆಸ್ಪತ್ರೆಯಲ್ಲಿ ತಲೆ ಫೋಟೋ ತೆಗೆದ್ರು. ಕಲೈಸೆಲ್ವಿ ಅಂತ ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ, ಫೋಟೋ ಬೆಳಕಿಗೆ ಹಿಡಿದು ತಲೆ ಹಿಂಭಾಗ ತೋರಿಸಿದ್ಳು. ‘ಇದು ಸಿರುಮೂಳೈ’ ಅಂದ್ಳು. ನಮ್ಮ ಮಾತಲ್ಲಿ ಹೇಳೋದಾದ್ರೆ ಕಿರುಮೆದುಳು. ಅದರ ಎಡ ಪಾಲಿಗೆ ರಕ್ತ ಓಗೋ ದಾರಿ ಕಟ್ಕೊಂಡು ಸ್ವಲ್ಪ ಸತ್ತೋಗಿತ್ತಂತೆ.

‘ಅಮ್ಮಾ, ನೀವು ಕೊಲುಸು ಬೆಸೆಯುವಾಗ ಯೋಚನೆ ಮಾಡಿ ಬೆಸೀತೀರಾ?’ ಅಂತ ಕೇಳಿದ್ಳು.

‘ಎಲ್ಲಿ ಯೋಚನೆ, ಕೈಯೇ ಮಾಡ್ತೈತೆ’ ಅಂದೆ.

‘ಆ ಕೈ ಕಲ್ತಿದ್ದೆಲ್ಲ ಇಲ್ಲಿ ಕೂತಿರುತ್ತೆ. ನಡೆಯೋದು, ಸೈಕಲ್ ತುಳಿಯೋದು, ಕೊಂಡಿ ಹಿಡಿಯೋದು. ಎಷ್ಟು ದೂರ ಕೈ ಚಾಚಬೇಕು, ಯಾವಾಗ ನಿಲ್ಲಿಸಬೇಕು ಅಂತ ಇದೇ ಲೆಕ್ಕ ಹಾಕೋದು. ತಪ್ಪಿದ್ರೆ ತಿದ್ದೋದೂ ಇದೇ. ಎಡಪಾಲು ಕೆಟ್ರೆ ಎಡಗೈ, ಎಡಗಾಲು.’

ಆಮೇಲೆ ಒಂದು ಪರೀಕ್ಷೆ ಮಾಡಿದ್ಳು. ಇವರು ನನ್ನ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿದ್ದರು, ಎಲ್ಲ ನೋಡ್ತಿದ್ದರು. ಒಂದು ಸಣ್ಣ ಪೈಪು ಬಲಗಣ್ಣಿನ ಹತ್ರ ಇಟ್ಟಳು. ಟಿಕ್ ಅಂತ ಸದ್ದು, ಹಿಂದೆಯೇ ಕಣ್ಣಿಗೆ ಫುಸ್ ಅಂತ ಗಾಳಿ. ಟಿಕ್, ಫುಸ್. ತುಂಬಾ ಸಲ ಆಯ್ತು. ಆಮೇಲೆ ಗಾಳಿ ಬಿಡದೆ ಬರೀ ಟಿಕ್ ಅನ್ನಿಸಿದ್ಳು, ಕಣ್ಣು ತಾನೇ ಮುಚ್ಕೊಂಡ್ತು. ಅದೇ ಎಡಗಣ್ಣಿಗೆ ಮಾಡಿದ್ಳು. ಗಾಳಿ ಬಡಿದ್ರೆ ಮುಚ್ಚೋದು. ಬರೀ ಟಿಕ್ ಅಂದ್ರೆ ಬಿಟ್ಟ ಕಣ್ಣು ಬಿಟ್ಟಂಗೇ.

‘ಗಾಳಿ ಬಡಿದಾಗ ಮುಚ್ಚೋದು ಹುಟ್ಟಿನಿಂದ ಬಂದಿದ್ದು, ಅದು ಕೆಟ್ಟಿಲ್ಲ’ ಅಂದ್ಳು. ‘ಗಾಳಿ ಬರುತ್ತೆ ಅಂತ ಮುಂಚೆನೇ ಮುಚ್ಚೋದು ಕಲ್ತಿದ್ದು. ಅದು ಓಗಿದೆ, ಎಡಗಡೆ ಮಾತ್ರ.’

‘ಡಾಕ್ಟ್ರಮ್ಮ, ಹಂಗಾದ್ರೆ ಮುಂಚೆ ಯಾವತ್ತೋ ಕಲ್ತಿದ್ದೂ ಓಗಿರುತ್ತಾ? ಗಾಳಿ ಅಲ್ಲದೆ ಬೇರೆದಕ್ಕೆ ಮುಚ್ಚೋದು ಕಲ್ತಿದ್ರೆ?’

‘ಓಗಿರಬಹುದು. ಬೇರೆ ಯಾವುದಕ್ಕೆ?’

ಇವರು ಕೆಮ್ಮಿದ್ರು. ‘ಸುಮ್ನೆ ಕೇಳ್ದೆ’ ಅಂದೆ.

ಅವಳು ಬುದ್ಧಿವಂತೆ, ಮುಖ ನೋಡಿ ಏನೋ ಅರ್ಥ ಮಾಡ್ಕೊಂಡಂಗಿತ್ತು. ‘ಕಣ್ಣು ಮುಚ್ಚೋದು ಓದ್ರೂ ಹೆದರಿಕೆ ಓಗಲ್ಲಮ್ಮ. ಹೆದರಿಕೆ ಇರೋ ಜಾಗ ಬೇರೆ, ಅದಕ್ಕೇನೂ ಆಗಿಲ್ಲ. ಇನ್ನೊಂದು, ಮನಸು ಬೇಡ ಅಂದ್ರೂ ಮೈ ಕಲ್ತಿದ್ದು ನಿಲ್ಲಲ್ಲ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ’ ಅಂದ್ಳು. ಇವರ ಕಡೆ ತಿರುಗಿ ‘ಕೇಳಿಸ್ತಾ ಅಯ್ಯಾ?’ ಅಂದ್ಳು. ಇವರು ತಲೆ ಆಡಿಸಿದ್ರು. ಕೇಳಿಸಿತ್ತು. ಅದನ್ನ ನೀವು ನೆನಪಿಟ್ಕೊಳ್ಳಿ, ಇವರಿಗೆ ಎಲ್ಲಾ ಕೇಳಿಸಿತ್ತು.

ಮನೆಗೆ ಬಂದ ಮೇಲೆ ನನ್ನ ಗಂಡನಂಥ ಗಂಡ ಈ ಸೇಲಂ ಜಿಲ್ಲೆಯಲ್ಲೇ ಇರಲಿಲ್ಲ. ಗಂಜಿ ಕುಡಿಸಿದ್ರು, ತಲೆ ಬಾಚಿದ್ರು, ಗೋಡೆ ಹಿಡಿಸಿ ನಡೆಸಿದ್ರು. ಎಡಗೈಗೆ ಕೆಲಸ ಮತ್ತೆ ಕಲಿಸಬೇಕು ಅಂತ ಡಾಕ್ಟ್ರಮ್ಮ ಹೇಳಿದ್ದಳಲ್ಲ, ಒಂದು ತಟ್ಟೆಯಲ್ಲಿ ಜವ್ವರಿಸಿ, ಅದೇ ಸಬ್ಬಕ್ಕಿ, ಹಾಕಿ ಒಂದೊಂದೇ ಕಾಳು ಎತ್ತಿಸಿದ್ರು. ಮಗು ಹಂಗೆ ಎತ್ತಿದೆ. ಕಾಳು ಬಿಟ್ಟು ಆಚೆ ಓಗೋ ಕೈನ ಮತ್ತೆ ಮತ್ತೆ ಕರ್ಕೊಂಡು ಬಂದೆ. ಕೊಲುಸು ಬೆಸೆಯೋ ಕೈ ಕಾಳು ಹಿಡಿಯೋಕೆ ಒದ್ದಾಡೋದು ನೋಡಿ ಪಟ್ಟರೆಯೋರ ಮುಂದೆ ತಲೆ ಎತ್ತೋಕಾಗ್ತಿರಲಿಲ್ಲ.

ಸ್ವಲ್ಪ ದಿನ ಆದ ಮೇಲೆ ಗಮನಿಸಿದೆ. ಇವರು ಯಾವಾಗ್ಲೂ ನನ್ನ ಎಡಗಡೆ ಕೂರ್ತಿದ್ದರು. ಊಟಕ್ಕೆ ಎಡಗಡೆ, ಟಿವಿಗೆ ಎಡಗಡೆ. ಒಂದಿನ ಮಧ್ಯಾಹ್ನ ನಾನು ಕಾಳು ಎತ್ತುವಾಗ ಕಣ್ಣ ಓರೆಯಲ್ಲಿ ಏನೋ ಕಂಡಂಗಾಯ್ತು. ತಿರುಗಿದೆ. ಇವರ ಬಲಗೈ ನನ್ನ ತಲೆ ಮೇಲೆ ಎದ್ದಿತ್ತು, ಅಂಗೈ ಬಿಚ್ಚಿ, ಆ ಕಾಲದಲ್ಲಿ ಎತ್ತುತ್ತಿದ್ದಂಗೇ. ನನ್ನ ಕಣ್ಣು ಮುಚ್ಚಿರಲಿಲ್ಲ. ತೋಳು ಎದ್ದಿರಲಿಲ್ಲ. ಇವರ ಮುಖದಲ್ಲಿ ನಗು. ‘ನೋಡ್ದ್ಯಾ ಮಣಿ! ಓಯ್ತು! ಎಲ್ಲಾ ಓಯ್ತು!’ ಅಂತ ಮಗು ಹಂಗೆ ಕುಣಿದ್ರು.

ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟ್ಕೊಂಡಿತ್ತು ನನಗೆ. ಹೆದರಿಕೆ ಇದ್ದಲ್ಲೇ ಇತ್ತು. ಅದನ್ನ ಇವರಿಗೆ ಹೇಳಲಿಲ್ಲ.

ಆವತ್ತೇ ಪೂಂಗೊಡಿಗೆ ಫೋನ್ ಮಾಡಿದ್ರು. ‘ನಿಮ್ಮಮ್ಮನಿಗೆ ವಾಸಿ ಆಯ್ತು, ತೊಪ್ಪೂರಿನ ಮುನಿಯಪ್ಪನಿಗೆ ಹೋತ ಕೊಡ್ತೀವಿ, ಮಗು ಕರ್ಕೊಂಡು ಬಾ. ನೀನು ಹೇಳಿದ್ದ ಮಾತು ಐತಲ್ಲ, ಅದೂ ಆಗೋಗಿದೆ, ಬಂದು ನೋಡು’ ಅಂದ್ರು. ಓಗೋ ದಿನ ಬಸ್ಸಲ್ಲಿ ನನ್ನ ಕಿವಿಗೆ ಬಗ್ಗಿ ‘ನೀನು ಏನೂ ಹೇಳಬೇಡ. ಎಡಬಲ ಅಂತೆಲ್ಲ ಯಾಕೆ. ಸುಮ್ನೆ ನಿಂತ್ಕೋ, ಸಾಕು’ ಅಂದ್ರು. ಜೇಬಲ್ಲಿ ಆ ಕೊಲುಸು ಕಾಗದದಲ್ಲಿ ಸುತ್ತಿಟ್ಟಿದ್ದರು.

ನಾನು ಹೂಂ ಅಂದೆ. ಇಲ್ಲಿ ನಾಚಿಕೆ ಪಡಬೇಕಾದೋಳು ನಾನೇ, ಪೂರ್ತಿ ನಾನೇ. ಮಗುಗೆ ಆರು ತಿಂಗಳು ದಾಟಿತ್ತು, ಬೋರಲು ಬೀಳ್ತಾಳಂತೆ, ಕಾಲು ಬಾಯಿಗೆ ಇಟ್ಕೊಳ್ತಾಳಂತೆ, ಎಲ್ಲಾ ಫೋನಲ್ಲೇ ನೋಡಿದ್ದೆ. ನನ್ನ ಮನೆ ಹೊಸಿಲಲ್ಲಿ ಆ ಕೊಲುಸಿನ ಸದ್ದು ಕೇಳಬೇಕು ಅನ್ನೋ ಆಸೆ. ಸುಳ್ಳಾದ್ರೆ ಏನು, ಕಾಯಿಲೆ ಕೊಟ್ಟ ಸುಳ್ಳು ತಾನೆ ಅಂದ್ಕೊಂಡೆ.

ಮುನಿಯಪ್ಪನ ಗುಡಿ ಘಾಟ್ ಕೆಳಗೆ, ಹುಣಸೆ ಮರದಡಿ. ಮೇಲೆ ಲಾರಿಗಳು ಬ್ರೇಕ್ ಕಿರುಚಿಕೊಂಡು ಇಳೀತಿದ್ದವು. ನೆಂಟರು ಒಂದು ವ್ಯಾನ್ ತುಂಬ ಬಂದಿದ್ದರು. ಹೋತ ಕಡಿಯೋದು ಇವರ ತಮ್ಮ ಸಿದ್ದಪ್ಪ. ಪೂಂಗೊಡಿ ಬಂದಿದ್ದಳು, ಮಗು ಸೊಂಟದ ಮೇಲೆ. ಅಪ್ಪನ ಹತ್ರ ಬರಲಿಲ್ಲ, ನನ್ನ ಕೈ ಹಿಡ್ಕೊಂಡು ನನ್ನ ನಡಿಗೆ ನೋಡಿ ಕಣ್ಣು ಒರೆಸ್ಕೊಂಡಳು.

ನಮ್ಮ ಕಡೆ ಹೋತ ಒಪ್ಪಿಗೆ ಕೊಡದೆ ಕಡಿಯಲ್ಲ. ತಲೆ ಮೇಲೆ ಅರಿಶಿನ ನೀರು ಹಾಕಿ ಕಾಯ್ತಾರೆ. ಮೈ ಒದರಿದ್ರೆ ಒಪ್ಪಿಗೆ, ಮುನಿಯಪ್ಪ ತಗೊಂಡ ಅಂತ ಅರ್ಥ. ಅವತ್ತು ಆ ಹೋತ ಒದರಲೇ ಇಲ್ಲ. ನೀರು ಹಾಕಿದ್ರು, ಸುಮ್ನೆ ನಿಂತಿತ್ತು. ಮತ್ತೆ ಹಾಕಿದ್ರು, ಸೊಪ್ಪು ಮೇಯ್ತಾ ನಿಂತಿತ್ತು. ‘ಯಾರಾದ್ರೂ ಏನಾದ್ರೂ ತಪ್ಪು ಮಾಡಿದ್ರೆ ಹೇಳ್ಬಿಡ್ರಪ್ಪ, ಹೊತ್ತಾಯ್ತು’ ಅಂತ ಯಾರೋ ನಗೆಮಾತು ಆಡಿದ್ರು. ನಾನು ನೆಲ ನೋಡಿದೆ. ಕೊನೆಗೆ ಸಿದ್ದಪ್ಪ ಚೊಂಬಿನ ನೀರನ್ನ ಅದರ ಕಿವಿಯೊಳಕ್ಕೇ ಸುರಿದ. ಹೋತ ತಲೆಯಿಂದ ಬಾಲದ ತನಕ ಪಟಪಟ ಅಂತ ಒದರ್ತು. ‘ಕೊಡ್ತು! ಒಪ್ಪಿಗೆ ಕೊಡ್ತು!’ ಅಂತ ಎಲ್ಲರೂ ಕೂಗಿದ್ರು.

ಒಪ್ಪಿಗೆ ಎಲ್ಲಿಂದ ಬಂತು? ಕಿವಿಗೆ ನೀರು ಓದ್ರೆ ಯಾವ ಹೋತ ಒದರಲ್ಲ? ಮೈ ಒದರಿದ್ದನ್ನ ಮನಸಿನ ಮಾತು ಅಂತ ಇವರೆಲ್ಲ ಬರೆದ್ಕೊಂಡ್ರು. ಕತ್ತಿ ಬಿದ್ದಾಗ ನಾನು ಕಣ್ಣು ಬಿಟ್ಕೊಂಡೇ ಇದ್ದೆ.

ರಕ್ತದ ಮೇಲೆ ಮಣ್ಣು ಹಾಕೋದು ಮುಗಿದಿರಲಿಲ್ಲ, ಇವರು ಬಂದು ನನ್ನ ಎಡಗಡೆ ನಿಂತ್ರು. ‘ಪೂಂಗೊಡಿ, ಇಲ್ಲಿ ನೋಡು. ಎಲ್ಲಾರೂ ನೋಡ್ರಪ್ಪ’ ಅಂದ್ರು. ಬಲಗೈ ಎತ್ತಿದ್ರು, ಪೂರ್ತಿ, ಹೆಗಲಿಗಿಂತ ಮೇಲೆ. ನನ್ನ ಮುಖದ ಎಡಗಡೆ ಬೀಸ್ಕೊಂಡು ಬಂದು ಕೆನ್ನೆ ಹತ್ರ ನಿಲ್ಲಿಸಿದ್ರು. ನಾನು ಕಲ್ಲಿನಂಗೆ ನಿಂತಿದ್ದೆ. ರೆಪ್ಪೆ ಅಲುಗಲಿಲ್ಲ.

‘ಅಮ್ಮಾ’ ಅಂದ್ಳು ಪೂಂಗೊಡಿ. ಅವಳ ಮುಖ ಅರಳ್ತು. ಚಿಕ್ಕೋಳಾಗಿದ್ದಾಗ, ಅಪ್ಪ ಇವತ್ತು ಬರಲ್ಲ ಅಂತ ಫೋನ್ ಬಂದ್ರೆ ಅರಳ್ತಿತ್ತಲ್ಲ, ಹಂಗೆ. ‘ನಿಜವಾಗ್ಲೂ ಓಯ್ತಾಮ್ಮ? ನಿಂಗೆ ಈಗ ಎದ್ರಿಕೆನೇ ಇಲ್ವಾ?’ ಅಂತ ಕೇಳ್ತಾ ಮಗುನ ಸೊಂಟದಿಂದ ಇಳಿಸಿ ಎರಡೂ ಕೈಯಲ್ಲಿ ಹಿಡಿದು ಅಪ್ಪನ ಕಡೆ ಚಾಚಿದ್ಳು. ಇವರು ಕೈ ಒರೆಸ್ಕೊಂಡು ಮುಂದೆ ಬಂದ್ರು.

ಕೊಟ್ಬಿಡಲಿ ಅನ್ನಿಸ್ತು. ದೇವರಾಣೆ ಅನ್ನಿಸ್ತು. ಆದ್ರೆ ಅವಳು ಕೇಳಿದ್ದು ಕಣ್ಣಿನ ವಿಷಯ ಅಲ್ಲ, ಹೆದರಿಕೆ ವಿಷಯ. ನನ್ನನ್ನ ನಂಬಿ ಕೇಳಿದ್ಳು. ಒಳಗೆ ಎದೆ ಬಡ್ಕೊಳ್ತಾನೇ ಇತ್ತು.

‘ತಡಿ ಪೂಂಗೊಡಿ’ ಅಂದೆ. ಮಾತು ತೊದಲಿದ್ರೂ ಎಲ್ಲಾರಿಗೂ ಕೇಳಿಸ್ತು. ಇವರ ಕಡೆ ತಿರುಗಿ ‘ಈ ಕಡೆ ಬನ್ನಿ. ಬಲಗಡೆ ಬಂದು ಎತ್ತಿ’ ಅಂದೆ.

‘ಯಾಕೆ? ಯಾವ ಕಡೆ ಆದ್ರೇನು?’ ಅಂತ ನಗೋಕೆ ನೋಡಿದ್ರು.

‘ಯಾವ ಕಡೆ ಆದ್ರೇನು ಅಂದ್ರೆ ಬನ್ನಿ ಮತ್ತೆ. ಡಾಕ್ಟ್ರಮ್ಮ ಹೇಳಿದ್ದು ನಿಮಗೆ ಕೇಳಿಸಿತ್ತಲ್ಲ.’

ಬಂದ್ರು. ಎಲ್ಲಾರೂ ನೋಡ್ತಿದ್ದರಲ್ಲ, ಬರದೆ ಏನ್ಮಾಡ್ತಾರೆ. ನನ್ನ ಬಲಗಡೆ ನಿಂತ್ರು, ಕೈ ಎತ್ತಲಿಲ್ಲ. ‘ಎತ್ತಿ’ ಅಂದೆ. ಎತ್ತಲಿಲ್ಲ. ಮುಖ ಕಪ್ಪಿಟ್ಟಿತ್ತು, ಹಣೆ ತುಂಬ ಬೆವರು. ‘ಲೇ, ಸಾಕು ಬಿಡೇ’ ಅಂತ ಗೊಣಗಿ, ಹೆಗಲ ಟವಲ್ ಎಳೆದು ಬೆವರು ಒರೆಸೋಕೆ ಕೈ ಮೇಲಕ್ಕೆ ತಗೊಂಡ್ರು, ಅಷ್ಟೇ. ನನ್ನ ಬಲತೋಳು ಹಾರಿ ಮುಖಕ್ಕೆ ಬಂತು, ಕಣ್ಣು ಗಟ್ಟಿಯಾಗಿ ಮುಚ್ಕೊಂಡ್ತು, ಆ ರಭಸಕ್ಕೆ ಕಾಲು ನಿಲ್ಲದೆ ಎಡಕ್ಕೆ ಕುಸಿದೆ.

ಕಣ್ಣು ಬಿಟ್ಟಾಗ ಪೂಂಗೊಡಿ ನನ್ನ ಹಿಡ್ಕೊಂಡಿದ್ಳು. ಮಗು ಇಬ್ಬರ ಮಧ್ಯೆ ಸಿಕ್ಕಿಕೊಂಡು ಅಳ್ತಿತ್ತು. ಸಿದ್ದಪ್ಪ ಕತ್ತಿ ತೊಳೆಯೋಕೆ ಓದ. ‘ಗೊತ್ತಿದ್ದೂ ಸುಮ್ನಿದ್ಯಾಮ್ಮ?’ ಅಂತ ಪೂಂಗೊಡಿ ನನ್ನ ಕಿವಿಯಲ್ಲಿ ಕೇಳಿದ್ಳು. ಹೂಂ ಅಂದೆ. ಆ ಒಂದು ಹೂಂ ಹೇಳೋಕೆ ಪಟ್ಟ ನಾಚಿಕೆ ನನ್ನ ಗಂಡನ ಏಟು ತಿಂದಾಗಲೂ ಪಟ್ಟಿರಲಿಲ್ಲ.

‘ಕಾಲು ನೀಡಿ ಕೂತ್ಕೋ’ ಅಂದ್ಳು. ನನ್ನ ಪಕ್ಕದಲ್ಲಿ ಕೂತು, ಮಗುನ ನನ್ನ ತೊಡೆ ಮೇಲೆ ಹಾಕಿ, ನನ್ನ ಗುರಿ ತಪ್ಪೋ ಎಡಗೈ ಮೇಲೆ ತನ್ನ ಕೈ ಇಟ್ಟು ಮಗುನ ಹಿಡಿಸಿದ್ಳು.

ಇವರು ದೂರದಲ್ಲಿ ಹುಣಸೆ ಬೇರಿನ ಮೇಲೆ ಕೂತಿದ್ದರು. ಬಲಗೈನ ತೊಡೆ ಕೆಳಗೆ ಹಾಕ್ಕೊಂಡು, ಅದರ ಮೇಲೇ ಕೂತಿದ್ದರು. ಊಟಕ್ಕೆ ಕರೆದ್ರೂ ಎದ್ದು ಬರಲಿಲ್ಲ.

ಸಾಯಂಕಾಲ ಸೇಲಂ ಬಸ್ಸಿಗೆ ಹತ್ತಿದ್ವಿ. ನಾನು ಎರಡು ಸೀಟಿನ ಮಧ್ಯೆ ದಾರಿಯಲ್ಲಿ ನಿಂತಿದ್ದೆ, ಇವರು ಹಿಂದೆ. ಕೊಲುಸಿನ ಕಾಗದ ಜೇಬಲ್ಲಿ ಹಂಗೇ ಇತ್ತು.

‘ಯಾವ ಕಡೆ ಕೂತ್ಕೊಳ್ಳಲಿ ಮಣಿ?’ ಅಂದ್ರು. ಮದುವೆ ಆದಾಗಿಂದ ನನ್ನನ್ನ ಹಂಗೆ ಏನೂ ಕೇಳಿದೋರಲ್ಲ.

‘ಬಲಗಡೆ’ ಅಂದೆ. ‘ನಿಮ್ ಕೈ ನನ್ ಮೈಗೆ ಗೊತ್ತಾಗೋ ಕಡೆ ಕೂತ್ಕೊಳ್ಳಿ.’

ಕೂತ್ಕೊಂಡ್ರು. ಸೇಲಂ ಬರೋ ತನಕ ಎರಡೂ ಕೈ ಮಡಿಲಲ್ಲೇ ಇಟ್ಕೊಂಡಿದ್ದರು.